ಗಾಯ ಅಂಗಾಲಲ್ಲಿ, ಗಡ್ಡೆ ತೊಡೆಸಂದೀಲಿ ಯಾಕೆ?

ಕುಮಟಾ ಕಡೆಯ ಓದುಗರೊಬ್ರ ಪ್ರಶ್ನೆ: "ಅಘನಾಶಿನಿ ಅಳಿವೇಲಿ ಬೆಳಚು ಹೆಕ್ಕುವಾಗ ಅಂಗಾಲಿಗೆ ಚಿಪ್ಪು ತಾಗಿ ಗಾಯ ಆಯ್ತು. ಎರಡು ದಿನ ಬಿಟ್ಟು ತೊಡೆಸಂದೀಲಿ ಗಡ್ಡೆ, ಮುಟ್ಟಿದ್ರೆ ನೋವು. ಮನೇಲಿ ನಂಜು ಏರಿದೆ ಅಂತಾರೆ. ಹೌದಾ?"

ಆ ಗಡ್ಡೆ ಹೊಸದಾಗಿ ಹುಟ್ಟಿದ್ದಲ್ಲ, ಮೊದ್ಲಿಂದ್ಲೂ ಅಲ್ಲೇ ಇರೋ ಲಿಂಫ್ ನೋಡ್ (ರೋಗದ ವಿರುದ್ಧ ಹೋರಾಡೋ ಸೆಲ್ ಅಂದ್ರೆ ಜೀವಕೋಶಗಳು ಸೇರೋ ಪುಟ್ಟ ಗಂಟು) ಊದಿದ್ದು. ಪಾದದ ದುಗ್ಧರಸ (ಮೈಯ ಅಂಗಾಂಶಗಳಿಂದ ಬಸಿದು ಬರೋ ತಿಳಿ ದ್ರವ, ಲಿಂಫ್) ಹೆಚ್ಚಿನಂಶ ಹರಿದು ಬರೋದು ತೊಡೆಸಂದಿಯ ನೋಡ್‌ಗಳಿಗೇ. ಗಾಯದಲ್ಲಿ ಹೊಕ್ಕಿದ ಬ್ಯಾಕ್ಟೀರಿಯಾ ನುಂಗಿದ, ಚರ್ಮದಲ್ಲಿ ಕಾವಲು ಕಾಯೋ ಡೆಂಡ್ರಿಟಿಕ್ ಸೆಲ್‌ಗಳು ಅದರ ತುಣುಕುಗಳನ್ನ ಮೈಮೇಲೆ ಇಟ್ಕೊಂಡು ಅದೇ ದಾರೀಲಿ ಮೇಲೆ ಬರ್ತವೆ. ಒಂದಿಷ್ಟು ಬ್ಯಾಕ್ಟೀರಿಯಾ ನೇರವಾಗಿಯೂ ಬರಬಹುದು, ಹಂಗಾಗಿ ಮನೆಯವ್ರ ಮಾತು ಪೂರ್ತಿ ಸುಳ್ಳಲ್ಲ, ಆದ್ರೆ ಊತ ಬರೋದು ಮುಖ್ಯವಾಗಿ ನಮ್ಮದೇ ಸೆಲ್‌ಗಳಿಂದ.

ಇಲ್ಲಿಂದ ಮುಂದಿನದ್ದು ನಂಗೆ ಭಾರಿ ಇಷ್ಟದ ವಿಷಯ. ನೋಡ್ ಒಳಗೆ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳು ಇರ್ತವೆ. ಒಂದೊಂದು ಟಿ ಸೆಲ್ ಗುರುತು ಹಿಡಿಯೋದು ಒಂದೇ ನಮೂನೆಯ ತುಣುಕನ್ನ, ನಿಮ್ಮ ಗಾಯದ ಬ್ಯಾಕ್ಟೀರಿಯಾದ ಒಂದು ತುಣುಕಿಗೆ ಸರಿಹೊಂದೋ ಟಿ ಸೆಲ್ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು ಇರಬಹುದು ಅಷ್ಟೇ, ಅದು ಸರಿಯಾದ ಡೆಂಡ್ರಿಟಿಕ್ ಸೆಲ್‌ನ ಹುಡುಕಬೇಕು. ಹೇಗೆ ಹುಡುಕ್ತದೆ? 2002ರಲ್ಲಿ ಟು-ಫೋಟಾನ್ ಮೈಕ್ರೋಸ್ಕೋಪಲ್ಲಿ (ಅಂಗಾಂಶದ ಆಳದಲ್ಲಿರೋ ಜೀವಂತ ಸೆಲ್ ತೋರಿಸೋ ಸೂಕ್ಷ್ಮದರ್ಶಕ) ಇಲಿಯ ನೋಡ್ ಒಳಗೆ ನೋಡಿದಾಗ ಟಿ ಸೆಲ್‌ಗಳು ನಿಮಿಷಕ್ಕೆ ಸುಮಾರು 10 ಮೈಕ್ರಾನ್ (ಒಂದು ಮಿಲಿಮೀಟರಿನ ನೂರನೇ ಒಂದು ಪಾಲು), ಅಂದ್ರೆ ತಮ್ಮ ಮೈ ಉದ್ದಕ್ಕಿಂತ ಜಾಸ್ತಿ, ತೆವಳ್ತಾ ಇದ್ದವು, ಅದೂ ಗೊತ್ತಾದ ದಿಕ್ಕೇ ಇಲ್ದೆ, ಸ್ವಲ್ಪ ಹೋಗಿ ತಡೆದು ಮತ್ತೆಲ್ಲೋ ತಿರುಗ್ತಾ. ಆದ್ರೆ ಬರೀ ಅಲೆದಾಟ ಅಲ್ಲ, ನೋಡ್ ತುಂಬ ಎಳೆ ಎಳೆಯಾದ ಒಂದು ಜಾಲ ಇರ್ತದೆ, ಅದನ್ನೇ ಹಿಡಿದು ಓಡಾಡೋದು, ಡೆಂಡ್ರಿಟಿಕ್ ಸೆಲ್‌ಗಳು ಕೂತಿರೋದೂ ಅದರ ಮೇಲೇನೇ. ಕಾರವಾರದ ಮೀನು ಪೇಟೇಲಿ ಒಂದೇ ಜಾತಿ ಮೀನು ಬೇಕಾದವ್ರು ಬುಟ್ಟಿ ಬುಟ್ಟಿಗೆ ಇಣುಕಿ ಮುಂದೆ ಹೋದ ಹಾಗೆ, ಟಿ ಸೆಲ್ ಒಂದೊಂದನ್ನೂ ಕೆಲವೇ ನಿಮಿಷ ಮುಟ್ಟಿ ನೋಡಿ ಬಿಡ್ತದೆ. ಒಂದು ದಿನದೊಳಗೆ ಸಿಗದಿದ್ರೆ ಸಾಮಾನ್ಯವಾಗಿ ಹೊರಬಿದ್ದು ಬೇರೆ ನೋಡ್‌ಗೆ ಹೋಗ್ತದೆ.

ಸಿಕ್ಕಿದ್ರೆ ನಡೆ ಹಂತ ಹಂತವಾಗಿ ಬದಲಾಗ್ತದೆ. ಮೊದಲ ಎಂಟು ತಾಸು ಹೀಗೇ ಮುಟ್ಟಿ ಬಿಟ್ಟು ನಡೀತದೆ, ಆಮೇಲೆ ಸುಮಾರು ಹನ್ನೆರಡು ತಾಸು ಒಂದಕ್ಕೇ ಅಂಟಿ ನಿಲ್ತದೆ, ಎರಡನೇ ದಿನ ಬಿಟ್ಟು ಮತ್ತೆ ಜೋರಾಗಿ ಓಡಾಡ್ತಾ ದಿನಕ್ಕೆ ಎರಡು ಮೂರು ಸಲ ಇಬ್ಭಾಗ ಆಗೋಕೆ ಶುರು. (ಇದೂ ಇಲಿಗಳಲ್ಲಿ ಕಂಡ ಲೆಕ್ಕ.)

ಹಾಗಾದ್ರೆ ನಿಮ್ಮ ಗಡ್ಡೆ ಎರಡನೇ ದಿನಕ್ಕೇ ಬಂದದ್ದು ಹೇಗೆ, ಅಷ್ಟರಲ್ಲಿ ಸೆಲ್ ಹೆಚ್ಚಾಗಿರಲ್ಲ ಅಲ್ವಾ? ಸೋಂಕಿನ ಸುದ್ದಿ ಬಂದ ಕೂಡ್ಲೇ ನೋಡ್‌ಗೆ ರಕ್ತ ಜಾಸ್ತಿ ಹರಿದು ಹೊಸ ಸೆಲ್‌ಗಳು ನುಗ್ತವೆ, ಹೊರಹೋಗೋದು ಮಾತ್ರ ಕೆಲ ಕಾಲ ಬಂದ್. ಹೊರದಾರಿ ತೋರಿಸೋದು ಎಸ್‌1ಪಿ ಅನ್ನೋ ಕೊಬ್ಬಿನಂಶ, ಅದನ್ನ ಗ್ರಹಿಸೋ ರಿಸೆಪ್ಟರನ್ನ ಸಿಡಿ69 ಅನ್ನೋ ಪ್ರೋಟೀನ್ ಸೆಲ್ ಒಳಗೆ ಎಳ್ಕೊಂಡು ಬಿಡ್ತದೆ. ಒಳಬರೋದು ಜಾಸ್ತಿ, ಹೊರಹೋಗೋದಿಲ್ಲ, ಊದದೇ ಇನ್ನೇನು? ಹೊದಿಕೆ ಬಿಗಿಯಾಗಿ ನೋವೂ ಬರ್ತದೆ.

ಗಡ್ಡೆ ತಿಕ್ಕಬೇಡಿ, ಹಿಚುಕಬೇಡಿ. ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಉಪ್ಪುನೀರಲ್ಲಾದ ಗಾಯದ ಸುತ್ತ ಕೆಂಪು ಬೇಗ ಹರಡ್ತಿದ್ರೆ, ಕಾಲಲ್ಲಿ ಕೆಂಪು ಗೆರೆ ಮೇಲೇರ್ತಿದ್ರೆ, ಜ್ವರ ಬಂದ್ರೆ ಅದೇ ದಿನ ಡಾಕ್ಟರ್ ಹತ್ರ ಹೋಗಿ, ಸಕ್ಕರೆ ಕಾಯಿಲೆ ಇದ್ರಂತೂ ತಡ ಮಾಡ್ಲೇಬೇಡಿ. ಗಾಯ ಮಾಗಿದ ಮೇಲೂ ಎರಡು ಮೂರು ವಾರ ಗಡ್ಡೆ ಕೈಗೆ ಸಿಗಬಹುದು. ಅದಕ್ಕೂ ಮೀರಿ ಉಳಿದ್ರೆ, ಅಥವಾ ನೋವಿಲ್ದೆ ಗಟ್ಟಿಯಾಗಿ ಬೆಳೀತಿದ್ರೆ ತೋರಿಸ್ಲೇಬೇಕು.