ಬಿಟ್ಟರೂ ಹೋಗದ ನಾಯಿ

ಎತ್ತಿಕೊಂಡಾಗ ನಾಯಿ ಅಲುಗಾಡದೆ ಇದ್ದರೆ ನಮಗೆ ಖುಷಿ. ಆದರೆ ಅದರ ಮುಖವನ್ನೂ ಸ್ವಲ್ಪ ನೋಡಿ. ಬಾಯಿ ಬಿಗಿಯಾಗಿದೆಯಾ? ಕಿವಿ ಹಿಂದಕ್ಕೆ ಅಂಟಿಕೊಂಡಿದೆಯಾ? ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತಾ, ಸುಮ್‌ಸುಮ್ನೆ ಮೂಗು ನೆಕ್ಕಿಕೊಳ್ಳುತ್ತಿದೆಯಾ? ಹಾಗಿದ್ದರೆ ಅದು ಆರಾಮವಾಗಿಲ್ಲ. ಯಾವಾಗ ಬಿಡ್ತಾರೋ ಅಂತ ಕಾಯುತ್ತಿದೆ.

ಹಿಡಿದುಕೊಂಡರೆ ನಾಯಿಗೆ ಓಡುವ ದಾರಿ ಮುಚ್ಚಿತು ಅಂತಲೇ ಲೆಕ್ಕ. ಅದು ಎಷ್ಟು ದೊಡ್ಡ ವಿಷಯ ಅನ್ನೋದನ್ನು 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗ ತೋರಿಸಿತು. ಈಗ ಓದಿದರೆ ಸಂಕಟವಾಗುತ್ತದೆ. ನಾಯಿಗಳನ್ನು ಕಟ್ಟಿ ಶಾಕ್ ಕೊಟ್ಟರು. ಒಂದು ಗುಂಪು ತಲೆಯಿಂದ ಹಲಗೆ ಒತ್ತಿ ಶಾಕ್ ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಗಿಡ್ಡ ತಡೆ ಹಾರಿದರೆ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲ ಗುಂಪಿನವು ಹಾರಿದವು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಅಲ್ಲೇ ನೋವು ತಿಂದವು. ಉಗುರು ಕತ್ತರಿಸುವುದು ಅಷ್ಟು ಕ್ರೂರವಲ್ಲ, ನಿಜ. ಆದರೂ ನಾಲ್ಕು ಜನ ಅದುಮಿ ಹಿಡಿದು, ಕೊನೆಗೆ ‘ನೋಡಿ, ಅಭ್ಯಾಸ ಆಯ್ತು’ ಅಂದಾಗ ನನಗೆ ಆ ನಾಯಿಗಳೇ ನೆನಪಾಗುತ್ತವೆ.

ನಂಬಿಕೆ ಬೆಳೆಯಬೇಕಾದರೆ ಹೋಗುವ ದಾರಿ ತೆರೆದಿರಬೇಕು. ನಾಯಿ ತಾನಾಗೇ ಹತ್ತಿರ ಬರಲಿ. ಎದೆಯನ್ನೋ ಭುಜವನ್ನೋ ಎರಡು ಮೂರು ಸೆಕೆಂಡು ನಿಧಾನವಾಗಿ ಸವರಿ, ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಮೈಗೆ ಒರಗುತ್ತದೆ, ಮೂತಿಯಿಂದ ಕೈ ತಳ್ಳುತ್ತದೆ. ಬೇಡವಾದರೆ ಮೈ ಕೊಡವಿಕೊಂಡು ಹೋಗುತ್ತದೆ. ಹೋಗಲಿ ಬಿಡಿ.

ಉಗುರಿನ ವಿಷಯಕ್ಕೂ ಇದೇ ಕ್ರಮ. ಇವತ್ತು ಭುಜ, ಅದು ಸಲೀಸಾದ ಮೇಲೆ ಕಾಲು, ಕೊನೆಗೆ ಪಾದ. ಪ್ರತಿ ಸಲವೂ ಮೊದಲು ಮುಟ್ಟಿ, ಆಮೇಲೆ ತಿನಿಸು ಕೊಡಿ. ನಾಯಿಗಳ ಮೇಲೆ ಪ್ರಯೋಗ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಕಂಡುಕೊಂಡಿದ್ದೂ ಇದನ್ನೇ: ಮೊದಲು ಬರುವ ಸೂಚನೆ ಆಮೇಲೆ ಬರುವ ಊಟವನ್ನು ನೆನಪಿಸುತ್ತದೆ. ತಿನಿಸು ತೋರಿಸಿ ಕಾಲು ಹಿಡಿದರೆ ತಿನಿಸು ಕಂಡರೇ ನಾಯಿ ಜಾಗ ಖಾಲಿ ಮಾಡುತ್ತದೆ, ಅಲ್ವಾ?

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಒದ್ದಾಡುವವರೆಗೂ ಕಾಯದೆ ಕೆಳಗಿಳಿಸಿ. ಮೂರು ವಾರದಿಂದ ಸುಮಾರು ಹನ್ನೆರಡು ವಾರದೊಳಗಿನ ಮರಿಗಳು ಇದನ್ನು ಬೇಗ ಕಲಿಯುತ್ತವೆ. ದೊಡ್ಡ ನಾಯಿಗಳಿಗೆ ಸಮಯ ಜಾಸ್ತಿ ಬೇಕು, ಆದರೆ ಅವೂ ಕಲಿಯುತ್ತವೆ.

ನಿನ್ನೆವರೆಗೂ ಮುಟ್ಟಿಸಿಕೊಳ್ಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಗುರ್ ಅಂದರೆ ಗದರಬೇಡಿ. ಗದರಿದರೆ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚಬಹುದು. ಕಿವಿಯ ಸೋಂಕೋ ಕೀಲುನೋವೋ ಇರಬಹುದು, ಪಶುವೈದ್ಯರಿಗೆ ತೋರಿಸಿ.