ಬೇಸ್ಮೆಂಟ್ ಕಿಟಕಿ ಬೇಸಿಗೇಲಿ ತೆಗೆದಿಡ್ಬೇಕಾ, ಮುಚ್ಚಿಡ್ಬೇಕಾ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹೋದ ವರ್ಷ ಒಂದು ಹಳೇ ಮನೆ ತಗೊಂಡ್ವಿ. ಮಳೆ ಬಂದು ವಾರ ಆಯ್ತು, ಎಲ್ಲೂ ಲೀಕ್ ಕಾಣ್ತಿಲ್ಲ, ಆದ್ರೂ ಬೇಸ್ಮೆಂಟ್ ಗೋಡೆ ಒದ್ದೆ ಒದ್ದೆ, ಮೆಟ್ಟಿಲು ಇಳಿದ್ರೆ ಮುಗ್ಗಲು ವಾಸನೆ. ದಿನಾ ಕಿಟಕಿ ತೆಗೆದು ಫ್ಯಾನ್ ಹಾಕ್ತೀವಿ, ಇನ್ನೂ ಜಾಸ್ತಿನೇ ಆಗ್ತಿದೆ. ಏನ್ ಮಾಡೋದು?

ಉತ್ತರ: ಮೊದ್ಲು ಹೋಗಿ ಆ ಕಿಟಕಿ ಮುಚ್ಚಿ ಬನ್ನಿ, ಮಿಕ್ಕಿದ್ದು ಆಮೇಲೆ ಓದಿ.

ನಮ್ಮೋರೆಲ್ಲ ಮಾಡೋ ತಪ್ಪೇ ಇದು. ಊರಲ್ಲಿ ಯಾವ್ದೋ ಕೋಣೆ ಮುಗ್ಗಲು ಹಿಡೀತು ಅಂದ್ರೆ ಕಿಟಕಿ ಬಾಗಿಲು ತೆಗೆದು ಗಾಳಿ ಆಡೋಕೆ ಬಿಡ್ತೀವಿ, ಸರಿಹೋಗುತ್ತೆ. ನಮ್ಮಮ್ಮ ಶಿವಮೊಗ್ಗದಿಂದ ಬಂದಿದ್ದಾಗ ಜುಲೈ ತಿಂಗಳು ಪೂರ್ತಿ ಅದನ್ನೇ ಮಾಡಿದ್ರು, ನಾನೂ ಅಮ್ಮ ಹೇಳಿದ್ ಮೇಲೆ ಸರಿನೇ ಇರುತ್ತೆ ಅಂತ ಸುಮ್ನಿದ್ದೆ, ವಾಪಸ್ ಹೊರಡೋ ಟೈಮಲ್ಲಿ ಬೇಸ್ಮೆಂಟಲ್ಲಿಟ್ಟಿದ್ದ ಅವ್ರ ಸೂಟ್‌ಕೇಸ್ ತೆಗೆದು ನೋಡಿದ್ರೆ ಒಳಗಿನ ಲೈನಿಂಗ್ ತುಂಬಾ ಬೂದಿ ಬಣ್ಣದ ಬೂಷ್ಟು!

ಆಗೋದೇನು ಅಂದ್ರೆ, ಫ್ರಿಜ್ಜಿಂದ ತೆಗೆದ ಸ್ಟೀಲ್ ಚೊಂಬು ಟೇಬಲ್ ಮೇಲಿಟ್ರೆ ಹೊರಗಡೆ ಹನಿ ಕೂರುತ್ತಲ್ಲ, ಚೊಂಬೇನು ತೂತಾಗಿರುತ್ತಾ? ನಿಮ್ಮ ಬೇಸ್ಮೆಂಟೇ ಆ ಚೊಂಬು. ಸುತ್ತ ಮಣ್ಣಿರೋದ್ರಿಂದ ನಡು ಬೇಸಿಗೇಲೂ ಗೋಡೆ 18 ಡಿಗ್ರಿ ಸೆಲ್ಸಿಯಸ್ ಹತ್ರ ಇರಬಹುದು. ಹೊರಗೆ 30 ಡಿಗ್ರಿ ಬಿಸಿಲು, ತೇವಾಂಶ 60 ಪರ್ಸೆಂಟ್ ಅಂದ್ಕೊಳ್ಳಿ, ಆ ಗಾಳಿ 21 ಡಿಗ್ರಿಗೆ ಇಳಿದ್ರೆ ಸಾಕು ನೀರು ಬಿಡೋಕೆ ಶುರು. ನೀವು ಫ್ಯಾನ್ ಹಾಕಿ ಅದನ್ನೇ ಒಳಗೆ ಎಳ್ಕೊಂಡು ತಣ್ಣನೆ ಗೋಡೆಗೆ ಊದ್ತಾ ಇದೀರ.

ಹಾಗಂತ ಯಾವತ್ತೂ ತೆಗೀಲೇಬಾರ್ದು ಅಂತಲ್ಲ. ಫೋನಿನ ವೆದರ್ ಆಪ್‌ನಲ್ಲಿ ಡ್ಯೂ ಪಾಯಿಂಟ್ ಅಂತ ಒಂದು ನಂಬರ್ ಇರುತ್ತೆ, ಹೊರಗಿನ ಗಾಳಿ ಎಷ್ಟು ಡಿಗ್ರಿಗೆ ಇಳಿದ್ರೆ ನೀರು ಬಿಡುತ್ತೆ ಅನ್ನೋ ಲೆಕ್ಕ. ಅದು 50 ಫ್ಯಾರನ್‌ಹೀಟ್‌ಗಿಂತ ಕೆಳಗಿದ್ರೆ ಧಾರಾಳವಾಗಿ ತೆಗೀರಿ, 55 ದಾಟಿದ್ರೆ ಮುಚ್ಚಿ. ಜುಲೈ ಆಗಸ್ಟಲ್ಲಿ ಇಲ್ಲಿ ಸಾಮಾನ್ಯವಾಗಿ 60ರ ಮೇಲೇ ಇರುತ್ತೆ.

ಆದ್ರೆ ನಿಮ್ಮನೇಲಿ ಬರೀ ಗಾಳಿಯದ್ದೇ ಕಾಟನಾ, ಗೋಡೆ ಆಚೆಯಿಂದಲೂ ನೀರು ಬರ್ತಿದ್ಯಾ ಅಂತ ತಿಳ್ಕೋಬೇಕಲ್ಲ. ಒದ್ದೆ ಜಾಗ ಒರೆಸಿ ಒಣಗಿಸಿ, ಅಡುಗೆ ಮನೆ ಅಲ್ಯುಮಿನಿಯಂ ಫಾಯಿಲ್ ಒಂದು ತುಂಡು ಅಂಟಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಿ ಎರಡು ದಿನ ಬಿಡಿ. ಫಾಯಿಲ್‌ನ ನಿಮ್ಮ ಕಡೆ ಮುಖದ ಮೇಲೆ ಹನಿ ಇದ್ರೆ ಅದು ಗಾಳಿಯ ನೀರು. ಕಿತ್ತಾಗ ಗೋಡೆ ಕಡೆ ಒದ್ದೆ ಇದ್ರೆ ಕಾಂಕ್ರೀಟ್ ಒಳಗಿಂದ ಬರ್ತಿದೆ ಅಂತ. ಕೆಲವು ಮನೇಲಿ ಎರಡೂ ಕಡೆ ಇರುತ್ತೆ, ಪಾಪ.

ಗಾಳಿಯದ್ದಾದ್ರೆ ಡೀಹ್ಯುಮಿಡಿಫೈಯರ್, ಅಂದ್ರೆ ಗಾಳಿಯ ತೇವ ಹೀರೋ ಮೆಷಿನ್ ತಗೊಳ್ಳಿ, ತೇವಾಂಶ 50 ಪರ್ಸೆಂಟ್‌ಗೆ ಸೆಟ್ ಮಾಡಿ, ಬಕೆಟ್ ನಂಬ್ಕೋಬೇಡಿ ಯಾಕಂದ್ರೆ ಅದು ತುಂಬಿದ ತಕ್ಷಣ ಮೆಷಿನ್ ನಿಂತ್ಬಿಡುತ್ತೆ ನೀವು ವೀಕೆಂಡ್ ಎಲ್ಲೋ ಹೋಗಿರ್ತೀರ, ಪೈಪ್ ಹಾಕಿ ಡ್ರೈನ್‌ಗೆ ಬಿಡಿ. ಬಟ್ಟೆ ಒಣಗಿಸೋ ಡ್ರೈಯರ್‌ನ ಪೈಪ್ ಬಿಚ್ಕೊಂಡು ಒಳಗೇ ಹಬೆ ಬಿಡ್ತಿದ್ಯಾ ಅಂತಾನೂ ಹಿಂದೆ ಬಗ್ಗಿ ನೋಡಿ.

ಗೋಡೆ ಆಚೆಯಿಂದ ಬರ್ತಿದ್ರೆ ವಾಟರ್‌ಪ್ರೂಫ್ ಪೇಂಟ್ ಡಬ್ಬ ತರೋಕೆ ಓಡ್ಬೇಡಿ, ಹಿಂದಿಂದ ನೀರು ಒತ್ತುತ್ತಿದ್ರೆ ಪೇಂಟ್ ಹಪ್ಪಳದ ಥರ ಏಳುತ್ತೆ. ಮಳೆ ಬರೋವಾಗ ಕೊಡೆ ಹಿಡ್ಕೊಂಡು ಮನೆ ಸುತ್ತ ಒಂದು ರೌಂಡ್ ಹಾಕಿ. 1000 ಚದರ ಅಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ರೆ ಸುಮಾರು 2350 ಲೀಟರ್ ನೀರು, ಅಂದ್ರೆ 20 ಲೀಟರ್ ಕ್ಯಾನು ನೂರರ ಮೇಲೆ. ಸೂರಿನ ಅಂಚಿನ ಗಟರ್ ಕಟ್ಕೊಂಡಿದ್ರೆ, ಇಲ್ಲಾ ಅದರಿಂದ ಇಳಿಯೋ ಪೈಪ್ ನೀರನ್ನ ಗೋಡೆ ಬುಡದಲ್ಲೇ ಬಿಡ್ತಿದ್ರೆ ಅಷ್ಟೂ ನಿಮ್ಮ ಬೇಸ್ಮೆಂಟ್ ಪಕ್ಕದಲ್ಲೇ ಇಂಗುತ್ತೆ. ನಮ್ಮನೇಗೆ ಬಂದಿದ್ದ ಒಬ್ಬ ಕಂಟ್ರಾಕ್ಟರ್ ಪೈಪ್ ಕಡೆ ಕಣ್ಣೂ ಹಾಯಿಸ್ದೆ ನೆಲ ಅಗೆದು ಡ್ರೈನ್ ಹಾಕೋಕೆ ಸಾವಿರಗಟ್ಟಲೆ ಡಾಲರ್ ಕೊಟೇಶನ್ ಕೊಟ್ಟಿದ್ದ. ಪೈಪ್ ಉದ್ದ ಮಾಡಿ, ಗೋಡೆಯಿಂದ 10 ಅಡಿ ದೂರಕ್ಕೆ 6 ಇಂಚು ಇಳಿಜಾರು ಬರೋ ಹಾಗೆ ಮಣ್ಣು ಹಾಕ್ಸಿದ್ಮೇಲೆ ಆ ಕೆಲ್ಸನೇ ಬೇಕಾಗ್ಲಿಲ್ಲ.

ಸಂಪ್ ಪಂಪ್, ಅಂದ್ರೆ ಬೇಸ್ಮೆಂಟ್ ಗುಂಡೀಲಿ ಸೇರೋ ನೀರನ್ನ ಹೊರಗೆ ಹಾಕೋ ಪಂಪ್ ಇದ್ರೆ ಬ್ಯಾಟರಿ ಬ್ಯಾಕಪ್ ಇರ್ಲಿ, ಜೋರು ಮಳೆ ದಿನಾನೇ ಕರೆಂಟ್ ಹೋಗೋದು. 2021ರ ಸೆಪ್ಟೆಂಬರ್ 1ಕ್ಕೆ ಐಡಾ ಚಂಡಮಾರುತದ ಮಳೆ ಬಂದಾಗ ನ್ಯೂಅರ್ಕ್‌ನಲ್ಲಿ ಒಂದೇ ದಿನ 8.41 ಇಂಚು ಸುರಿದಿತ್ತು.

ನಾರ್ತ್ ಕ್ಯಾರೊಲೈನಾ ಕಡೆಯವ್ರು ಕ್ರಾಲ್‌ಸ್ಪೇಸ್ ಬಗ್ಗೆ ಕೇಳ್ತಾನೇ ಇರ್ತಾರೆ, ಅದೇ ಮನೆ ನೆಲದ ಕೆಳಗೆ ತೆವಳ್ಕೊಂಡು ಹೋಗೋ ಜಾಗ. ಅಲ್ಲೂ ಇದೇ ಕಥೆ. ಅದಕ್ಕೆ ಗಾಳಿ ಕಿಂಡಿ ಇಡ್ಲೇಬೇಕು, ತೆರೆದಿರ್ಬೇಕು ಅಂತ ಇಲ್ಲಿನ ಕಟ್ಟಡ ನಿಯಮಾನೇ ಎಷ್ಟೋ ವರ್ಷ ಹೇಳ್ತಿತ್ತು, ಥೇಟ್ ನಮ್ಮಮ್ಮನ ಥರ. ಆಮೇಲೆ ಅಡ್ವಾನ್ಸ್ಡ್ ಎನರ್ಜಿ ಅನ್ನೋ ಸಂಸ್ಥೆ ಅದೇ ರಾಜ್ಯದ ಪ್ರಿನ್ಸ್‌ವಿಲ್‌ನಲ್ಲಿ 12 ಮನೆಗಳಲ್ಲಿ ಅಳೆದು ನೋಡಿದ್ರೆ, ಕಿಂಡಿ ಮುಚ್ಚಿದ ಕ್ರಾಲ್‌ಸ್ಪೇಸೇ ಒಣಗಿತ್ತು. ಆದ್ರೆ ಸುಮ್ನೆ ಕಿಂಡಿ ಮುಚ್ಚಿ ಕೂತ್ರೆ ಆಗಲ್ಲ, ಬರೀ ಮಣ್ಣಿಂದ ಏಳೋ ಹಬೆ ಒಳಗೇ ಕೂತ್ಕೊಳ್ಳುತ್ತೆ. ಮೊದ್ಲು ನೀರು ನಿಲ್ಲೋ ಜಾಗ ಸರಿಮಾಡಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ, ಒಂದರ ಮೇಲೊಂದು 6 ಇಂಚು ಬರೋ ಹಾಗೆ ಜೋಡಿಸಿ ಟೇಪ್ ಹಾಕಿ, ಗೋಡೆಗೂ ಹತ್ತಿಸಿ ಅಂಟಿಸಿ, ಆಮೇಲೆ ಕಿಂಡಿ ಮುಚ್ಚಿ ಡೀಹ್ಯುಮಿಡಿಫೈಯರ್ ಇಡಿ. ಕೆಳಗೆ ಮನೆ ಬಿಸಿ ಮಾಡೋ ಗ್ಯಾಸ್ ಫರ್ನೇಸ್ ಇದ್ರೆ ಮಾತ್ರ ಗೊತ್ತಿರೋರನ್ನ ಕೇಳ್ದೆ ಕಿಂಡಿ ಮುಟ್ಬೇಡಿ, ಅದು ಉರಿಯೋಕೆ ಆ ಗಾಳಿನೇ ಎಳ್ಕೊಳ್ತಿರಬಹುದು.