ಮುಳುಗುವ ಮೊಟ್ಟೆ: ಆಸ್ಟ್ರೇಲಿಯದ ಉಪ್ಪುಕೆರೆಗಳ ಫೇರಿ ಶ್ರಿಂಪ್‌ಗಳು

ಸೀಗಡಿ ಮರಿ ಸಾಕುವವರಿಗೆ ಆರ್ಟೀಮಿಯಾ ಹೊಸದಲ್ಲ. ಡಬ್ಬಿಯಲ್ಲಿ ಬರುವ ಆ ಕಂದು ಪುಡಿಯನ್ನು ಉಪ್ಪುನೀರಿಗೆ ಸುರಿದು ಗಾಳಿ ಹಾಯಿಸಿದರೆ ಒಂದೆರಡು ದಿನದೊಳಗೆ ಮರಿಗಳು ಈಜುತ್ತವೆ. ಪುಡಿಯ ಒಂದೊಂದು ಕಣವೂ ಒಂದು ಮೊಟ್ಟೆ. ಅದರಲ್ಲಿ ಬಹಳಷ್ಟು ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಬರುತ್ತದೆ. ಸೀಗಡಿಯ ದೂರದ ಬಂಧುವಾದ, ಬೆನ್ನಡಿಯಾಗಿ ಈಜುವ, ಫೇರಿ ಶ್ರಿಂಪ್ ಎಂಬ ಗುಂಪಿನ ಈ ಜೀವಿ ಮೀನು ಬದುಕಲಾರದಷ್ಟು ಉಪ್ಪಾದ ನೀರಿನಲ್ಲಿ ನೆಮ್ಮದಿಯಾಗಿರುತ್ತದೆ.

ಯುರೋಪ್, ಏಷ್ಯಾ, ಆಫ್ರಿಕಾ, ಅಮೆರಿಕಗಳ ಅತಿ ಉಪ್ಪಿನ ಕೆರೆಗಳಲ್ಲಿ ಈ ಆರ್ಟೀಮಿಯಾ ಕುಲದ್ದೇ ಆಳ್ವಿಕೆ. ಆಸ್ಟ್ರೇಲಿಯದಲ್ಲಿ ಮಾತ್ರ ಮೊದಲಿನಿಂದ ಇದ್ದದ್ದು ಬೇರೆ ಕುಲ: ಪ್ಯಾರಾರ್ಟೀಮಿಯಾ. ಅದು ಬೇರಾವ ಖಂಡದಲ್ಲೂ ಇಲ್ಲ. 1903ರಲ್ಲಿ ಸೇಯ್ಸ್ ಎಂಬ ಸಂಶೋಧಕ ಈ ಕುಲಕ್ಕೆ ಹೆಸರಿಟ್ಟ. 1941ರಲ್ಲಿ ಲಿಂಡರ್ ಇನ್ನಷ್ಟು ಪ್ರಭೇದಗಳನ್ನು ಸೇರಿಸಿದ, 1973ರಲ್ಲಿ ಗೆಡೆಸ್ ಒಂದನ್ನು. ಅಲ್ಲಿಗೆ ಲೆಕ್ಕ 8ಕ್ಕೆ ನಿಂತು, ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಕದಲಲಿಲ್ಲ. ಸಂಶೋಧಕ ಬ್ರಯನ್ ಟಿಮ್ಸ್ ಮತ್ತು ಸಂಗಡಿಗರು 2009ರಿಂದ ಹೊಸ ಪ್ರಭೇದಗಳನ್ನು ಬಣ್ಣಿಸತೊಡಗಿದ ಮೇಲೆ ಸಂಖ್ಯೆ 18ರ ಆಸುಪಾಸಿಗೆ ಏರಿತು. ಬಹುಪಾಲು ಇರುವುದು ಪಶ್ಚಿಮ ಆಸ್ಟ್ರೇಲಿಯದಲ್ಲಿ.

ಒಂದೇ ಖಂಡದಲ್ಲಿ ಇಷ್ಟೊಂದು ಬಗೆ ಹೇಗೆ? ನನ್ನನ್ನು ಹಿಡಿದು ನಿಲ್ಲಿಸುವುದು ಮೊಟ್ಟೆಯ ವಿಷಯ. ಆರ್ಟೀಮಿಯಾದ ಮೊಟ್ಟೆ ತೇಲುತ್ತದೆ; ಗಾಳಿಗೆ ದಡ ಸೇರಿ, ಹಕ್ಕಿಯ ಕಾಲಿಗೆ ಅಂಟಿ, ಇಲ್ಲವೇ ಅದರ ಹೊಟ್ಟೆಯೊಳಗೇ ಜೀವ ಉಳಿಸಿಕೊಂಡು ಇನ್ನೊಂದು ಕೆರೆ ಮುಟ್ಟುತ್ತದೆ. ಪ್ಯಾರಾರ್ಟೀಮಿಯಾದ್ದು ಮುಳುಗುತ್ತದೆ. ಕೆಸರಿನಲ್ಲಿ ಕೂತು, ನೀರು ಬತ್ತಿದಾಗ ಅಲ್ಲೇ ಒಣಗಿ, ಮುಂದಿನ ಮಳೆಗೆ ಕಾಯುತ್ತದೆ. ಅದು ಊರು ಬಿಟ್ಟು ಹೋಗುವುದು ಕಡಿಮೆ. ಪಶ್ಚಿಮ ಆಸ್ಟ್ರೇಲಿಯದ ನೆಲವೋ ಬಹಳ ಹಳೆಯದು. ಹಿಂದೆ ಹರಿಯುತ್ತಿದ್ದ ನದಿಗಳು ತುಂಡುತುಂಡಾಗಿ ಉಪ್ಪುಕೆರೆಗಳ ಸಾಲುಗಳಾಗಿ ಉಳಿದಿವೆ. ಹಾಗೆ ಒಂಟಿಯಾದ ಕೆರೆಗಳಲ್ಲಿ ಪ್ರಭೇದಗಳು ಬೇರೆಬೇರೆ ದಾರಿ ಹಿಡಿದವು. ಹುಳಿನೀರಿನ, ಅಂದರೆ ಆಮ್ಲೀಯ ಕೆರೆಗಳಲ್ಲಿ ಬಾಳುವವೂ ಇವೆ: ಕಾಂಟ್ರ್ಯಾಕ್ಟಾ ಒಂದು, ಹೆಸರಿನಲ್ಲೇ ಗುಣ ಹೊತ್ತ ಆಸಿಡಿಫಿಲಾ ಇನ್ನೊಂದು.

ಈ ಚಿತ್ರ ಕದಡಿದ್ದು ಗೋಧಿ ಬೆಳೆಯಿಂದ. ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಸೀಮೆಯ ಆಳಬೇರಿನ ಮರಗಿಡಗಳನ್ನು ಕಡಿದು ಬಯಲು ಮಾಡಿದರು. ಮಳೆನೀರನ್ನು ಹೀರುವ ಬೇರುಗಳಿಲ್ಲದೆ ಅಂತರ್ಜಲ ಮೇಲೇರಿತು, ಮಣ್ಣಿನಾಳದಲ್ಲಿ ಮಲಗಿದ್ದ ಉಪ್ಪನ್ನೂ ಹೊತ್ತು ತಂದಿತು. ಸಿಹಿನೀರಿನ ಕೆರೆಗಳು ಉಪ್ಪಾದವು, ಉಪ್ಪಿನವು ಇನ್ನಷ್ಟು ಉಪ್ಪಾದವು, ಕೆಲವು ಹುಳಿಯಾದವು. ಚಿನ್ನದ ಗಣಿಗಳು ಹೊರಹಾಕುವ ನೀರೂ ಕೆಲವು ಕೆರೆಗಳಿಗೆ ಸೇರಿತು. ಉಪ್ಪು ಒಗ್ಗುವ ಜೀವಿಗೆ ಇದರಿಂದ ಲಾಭ ಎಂದುಕೊಂಡರೆ ತಪ್ಪು. ಒಂದೊಂದು ಪ್ರಭೇದವೂ ತನ್ನ ಕೆರೆಯ ಉಪ್ಪಿನ ಹದಕ್ಕೆ, ತುಂಬಿ ಬತ್ತುವ ಲಯಕ್ಕೆ ಒಗ್ಗಿಕೊಂಡಿರುತ್ತದೆ. ಲಯ ಕೆಟ್ಟರೆ ಕೆಸರಿನಲ್ಲಿರುವ ಮೊಟ್ಟೆಗೆ ಮೊಳಕೆಯ ಹೊತ್ತೇ ತಪ್ಪುತ್ತದೆ.

ಅಷ್ಟರಲ್ಲಿ ಹೊರಗಿನ ಆರ್ಟೀಮಿಯಾ ಬಂದಿದೆ. ಅಮೆರಿಕ ಮೂಲದ ಫ್ರ್ಯಾನ್ಸಿಸ್ಕಾನಾ ಉಪ್ಪಿನಾಗರಗಳ ಜೊತೆ ಬಂತು. ಗಂಡಿಲ್ಲದೆ ಸಂತಾನ ಬೆಳೆಸುವ ಇನ್ನೊಂದು ಬಗೆ ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಾಚೆಗಿನ ರಾಟ್‌ನೆಸ್ಟ್ ದ್ವೀಪದಲ್ಲಿತ್ತು. ಅದು ಗೋಧಿ ಸೀಮೆಯ ಕೆರೆಗಳಿಗೂ ಹರಡುತ್ತಿದೆ ಎಂದು 2007ರ ಅಧ್ಯಯನವೊಂದು ತೋರಿಸಿತು. ಇಂಥದ್ದರ ಒಂದೇ ಒಂದು ಹೆಣ್ಣು ಕೆರೆ ತುಂಬಲು ಸಾಕು. ಪ್ಯಾರಾರ್ಟೀಮಿಯಾಕ್ಕೆ ಗಂಡು ಹೆಣ್ಣು ಎರಡೂ ಒಂದೇ ನೀರಿನಲ್ಲಿ ಸಿಗಬೇಕು. ಹಾಳಾದ ಕೆರೆಗೆ ಮೊದಲು ತಲುಪುವವರು ಯಾರೆಂಬುದು ಇಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಹಾಗಾಗಿ ಸಂಶೋಧಕರು ನೀರಿರುವ ಕೆರೆಯನ್ನಷ್ಟೇ ನೋಡುವುದಿಲ್ಲ. ಬತ್ತಿದ ಕೆರೆಯಂಗಳದ ಉಪ್ಪಿನ ಹೆಪ್ಪನ್ನು ಸರಿಸಿ, ಅಡಿಯ ಮಣ್ಣನ್ನು ಪ್ರಯೋಗಾಲಯಕ್ಕೆ ತಂದು ನೆನೆಹಾಕಿ, ಯಾವ ಮರಿ ಹೊರಬರುತ್ತದೆಂದು ಕಾದು ನೋಡುತ್ತಾರೆ.